ಲೈನ್ ಖಾಲಿ ಇತ್ತೆಂದು ನಾನು ಬರೆದುಕೊಟ್ಟದ್ದು

ಗೋದಾಮಿನಿಂದ ದೂರು ಬಂದಾಗ ತಿಂಗಳ ಮೂರನೆಯ ವಾರ ನಡೆಯುತ್ತಿತ್ತು. ಕಂಪ್ಯೂಟರ್ ಟರ್ಮಿನಲ್‌ನಲ್ಲಿ ಒಂದು ಅಕ್ಷರ ಒತ್ತಿ, ಅದು ಪರದೆಯ ಮೇಲೆ ಕಾಣಿಸುವಷ್ಟರಲ್ಲಿ ಅರ್ಧ ಗ್ಲಾಸ್ ಚಹಾ ಮುಗಿಯುತ್ತದೆ ಎಂದು ಅಲ್ಲಿಯ ಗುಮಾಸ್ತರೊಬ್ಬರು ಬರೆದಿದ್ದರು. ಕೆಳಗೆ ಇನ್ನಿಬ್ಬರ ಸಹಿಯೂ ಇತ್ತು.

ನಮ್ಮದು ಔಷಧ ತಯಾರಿಸುವ ಕಂಪನಿ. ಕಾರ್ಖಾನೆ ಮತ್ತು ಪರೀಕ್ಷಾಲಯ ಗೋರೆಗಾಂವ್‌ನಲ್ಲಿ, ಮುಖ್ಯ ಕಚೇರಿ ಬಾಂದ್ರಾದಲ್ಲಿ, ಮಾಲು ಹೊರಡುವ ಗೋದಾಮು ಧಾರಾವಿಯ ಅಂಚಿನಲ್ಲಿ. ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಈ ಮೂರನ್ನೂ ಕಂಪ್ಯೂಟರ್ ಲೈನಿನಿಂದ ಜೋಡಿಸಿದ್ದೇವೆ ಎನ್ನುವುದೇ ದೊಡ್ಡ ಹೆಮ್ಮೆ. ಬಾಂದ್ರಾದ ಕಂಪ್ಯೂಟರ್ ಕೋಣೆಯಲ್ಲಿ ಒಂದು ರೂಟರ್ ಇತ್ತು. ಯಾವ ಮಾಹಿತಿ ಯಾವ ಲೈನಿಗೆ, ಯಾವುದರ ಹಿಂದೆ ಯಾವುದು ಹೋಗಬೇಕು ಎಂದು ನಿರ್ಧರಿಸುವ ಪೆಟ್ಟಿಗೆ ಅದು. ಅದರ ಹೊಣೆ ನನ್ನದು. ಅದರಿಂದ ಎರಡು ಲೈನುಗಳು ಹೊರಟಿದ್ದವು. ಗೋರೆಗಾಂವ್‌ನದು ಸೆಕೆಂಡಿಗೆ ಅರವತ್ತನಾಲ್ಕು ಸಾವಿರ ಬಿಟ್ ಸಾಗಿಸುವಂಥದ್ದು. ಗೋದಾಮಿನದು ಬರೀ ಒಂಬತ್ತು ಸಾವಿರದ ಆರುನೂರು, ಅಂದರೆ ಟೈಪ್ ಮಾಡಿದ ಒಂದು ಪುಟ ದಾಟಲು ಎರಡು ಸೆಕೆಂಡು.

ಗೋದಾಮಿನ ಟರ್ಮಿನಲ್‌ಗಳು ನಿಧಾನವಾಗಲು ಕಾರಣ ಹುಡುಕಬೇಕಾಗಿರಲಿಲ್ಲ. ಬಾಂದ್ರಾದ ಮುಖ್ಯ ಕಂಪ್ಯೂಟರ್ ಅಲ್ಲಿಯ ಪ್ರಿಂಟರ್‌ಗಳಿಗೆ ಡೆಲಿವರಿ ಚಲನ್‌ಗಳನ್ನು ಅದೇ ಲೈನಿನಲ್ಲಿ ಕಳಿಸುತ್ತಿತ್ತು. ಪ್ರತಿ ಚಲನ್‌ನ ತಲೆಯಲ್ಲಿ ಕಂಪನಿಯ ಲಾಂಛನ ಚುಕ್ಕಿ ಚುಕ್ಕಿಯಾಗಿ ಮೂಡಬೇಕಿತ್ತು. ಹಾಗಾಗಿ ಒಂದೊಂದೂ ಇಪ್ಪತ್ತು, ಇಪ್ಪತ್ತೈದು ಸೆಕೆಂಡು ಲೈನನ್ನು ಹಿಡಿದುಕೊಳ್ಳುತ್ತಿತ್ತು. ರೂಟರ್ ಮೊದಲು ಬಂದದ್ದನ್ನು ಮೊದಲು ಕಳಿಸುತ್ತಿತ್ತು. ಗುಮಾಸ್ತರು ಒತ್ತಿದ ಅಕ್ಷರ ಬಾಂದ್ರಾಕ್ಕೆ ಹೋಗಿ ವಾಪಸು ಬರುವಾಗ ಆ ಚುಕ್ಕಿಗಳ ಹಿಂದೆ ನಿಂತು ಕಾಯುತ್ತಿತ್ತು.

ರೂಟರ್‌ನ ದಪ್ಪ ಕೈಪಿಡಿಯಲ್ಲಿ ಇದಕ್ಕೆ ಮದ್ದು ಇತ್ತು. ಲೈನಿನ ಬಾಗಿಲಲ್ಲಿ ಒಂದೇ ಕ್ಯೂ ಬದಲು ನಾಲ್ಕು ಕ್ಯೂ ಮಾಡಬಹುದು: ಮೇಲಿನದು, ಮಧ್ಯದ್ದು, ಸಾಮಾನ್ಯ, ಕೆಳಗಿನದು. ಮೇಲಿನ ಕ್ಯೂನಲ್ಲಿ ಏನಾದರೂ ಇರುವ ತನಕ ರೂಟರ್ ಕೆಳಗಿನದರ ಕಡೆ ನೋಡುವುದಿಲ್ಲ. ಟರ್ಮಿನಲ್‌ಗಳನ್ನು ನಾನು ಮೇಲಿನ ಕ್ಯೂಗೆ ಹಾಕಿದೆ. ಟೆಂಪೊಗಳು ನಿಂತಿರುತ್ತವೆ, ಚಲನ್ ಬೇಗ ಬೇಕು ಎಂದು ಪ್ರಿಂಟನ್ನು ಮಧ್ಯದ್ದಕ್ಕೆ ಹಾಕಿದೆ. ಹೆಸರು ಹೇಳದೆ ಬಿಟ್ಟದ್ದೆಲ್ಲ ತಾನಾಗಿ 'ಸಾಮಾನ್ಯ'ಕ್ಕೆ ಹೋಗುತ್ತದೆ ಎಂದು ಕೈಪಿಡಿ ಹೇಳಿತ್ತು. ಆ ಉಳಿದದ್ದು ಏನೇನು ಎಂದು ನಾನು ಪಟ್ಟಿ ಮಾಡಲಿಲ್ಲ.

ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಗೋದಾಮಿನಿಂದ ಫೋನ್ ಬಂತು, ಟರ್ಮಿನಲ್ ಈಗ ಓಡುತ್ತಿದೆ ಎಂದು. ನಮ್ಮ ಮ್ಯಾನೇಜರು ಕೋಣೆಗೇ ಬಂದು, "ದೇಖಾ? ಹೊಸ ಲೈನ್ ಬೇಕು, ಹೊಸ ಲೈನ್ ಬೇಕು ಅಂತಿದ್ರು ಎಲ್ಲ. ದಿಮಾಗ್ ಇದ್ದರೆ ಸಾಕು," ಎಂದರು. ನನಗೂ ಹಾಗೇ ಅನ್ನಿಸಿತ್ತು.

ಅದಾಗಿ ಹತ್ತು ದಿನಕ್ಕೆ, ಒಂದು ಗುರುವಾರ, ಗೋರೆಗಾಂವ್‌ನ ಪರೀಕ್ಷಾಲಯದವರು ಒಂದು ಬ್ಯಾಚನ್ನು ತಡೆಹಿಡಿಯಲು ಹೇಳಿದರು. ಇಂಜೆಕ್ಷನ್‌ಗೆ ಬೆರೆಸುವ ನೀರಿನ ಸೀಸೆಗಳು. ಎತ್ತಿಟ್ಟಿದ್ದ ಮಾದರಿಯಲ್ಲಿ ಗಾಜಿನ ತೆಳು ಚಕ್ಕೆ ಸಿಕ್ಕಿತ್ತು. ಮೊದಲೆಲ್ಲ ಇಂಥ ತಡೆಯಾಜ್ಞೆಯನ್ನು ಸಹಿ ಹಾಕಿದ ಕಾಗದವಾಗಿ ಪ್ಯೂನ್ ಲೋಕಲ್ ರೈಲು ಹಿಡಿದು ಒಯ್ಯುತ್ತಿದ್ದ. ಎರಡು ಗಂಟೆ ಹಿಡಿಯುತ್ತಿತ್ತು. ಎರಡು ತಿಂಗಳ ಹಿಂದಷ್ಟೇ ಅದನ್ನು ನಿಲ್ಲಿಸಿ ಕಂಪ್ಯೂಟರ್ ಮೇಲ್‌ನಲ್ಲಿ ಕಳಿಸುವ ಪದ್ಧತಿ ತಂದಿದ್ದರು. ಅಂದು ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಮೇಲ್ ಹೊರಟಿತು. ಗೋದಾಮಿನ ಮೇಲ್ವಿಚಾರಕರ ಪರದೆಯಲ್ಲಿ ಅದು ಕಂಡದ್ದು ಸಂಜೆ ನಾಲ್ಕಕ್ಕೆ. ಅಷ್ಟರಲ್ಲಿ ಆ ಬ್ಯಾಚಿನ ಪೆಟ್ಟಿಗೆಗಳನ್ನು ಹೊತ್ತ ಮೂರು ಟೆಂಪೊ ಹೊರಟುಹೋಗಿದ್ದವು.

ಒಂದೂ ಪೆಟ್ಟಿಗೆ ರೋಗಿಯ ತನಕ ಹೋಗಲಿಲ್ಲ. ಎರಡು ಟೆಂಪೊಗಳ ಮಾಲು ಊರೊಳಗಿನ ಅಂಗಡಿಗಳಿಂದ ಮರುದಿನ ವಾಪಸು ಬಂತು. ಪುಣೆಗೆ ಹೋದದ್ದನ್ನು ಸಾಗಣೆದಾರರ ಅಂಗಳದಲ್ಲೇ ಬಿಚ್ಚದೆ ನಿಲ್ಲಿಸಿದರು. ಆದರೆ ಆ ಒಂದು ರಾತ್ರಿ ಯಾರಿಗೂ ನಿದ್ದೆ ಬಂದಿರಲಾರದು. ಶುಕ್ರವಾರ ವಿಚಾರಣೆ ಶುರುವಾಯಿತು. ಪ್ರಶ್ನೆ ಒಂದೇ: ಹನ್ನೊಂದೂ ಇಪ್ಪತ್ತಕ್ಕೆ ಹೋದ ಮೇಲನ್ನು ಗೋದಾಮಿನವರು ನಾಲ್ಕು ಗಂಟೆಯ ತನಕ ಏಕೆ ನೋಡಲಿಲ್ಲ?

ಮೇಲ್ವಿಚಾರಕರು ದಿನಕ್ಕೆ ನಾಲ್ಕು ಸಲ ಮೇಲ್ ತೆರೆಯಬೇಕೆಂದು ನಿಯಮವಿತ್ತು. ಹನ್ನೆರಡಕ್ಕೂ ನೋಡಿದೆ, ಎರಡಕ್ಕೂ ನೋಡಿದೆ, ಏನೂ ಬಂದಿರಲಿಲ್ಲ ಎಂದು ಅವರು ಹೇಳಿದ್ದರು. ಮೇಲ್ ಎಷ್ಟು ಹೊತ್ತಿಗೆ ಬಂತೆಂದು ಗೋದಾಮಿನ ಕಂಪ್ಯೂಟರ್ ತಾನೇ ಬರೆದಿಡಬೇಕು. ಬರೆದೂ ಇತ್ತು: ಸಾವಿರದ ಒಂಬೈನೂರ ಎಂಬತ್ತನೆಯ ಇಸವಿ, ಜನವರಿ ಒಂದು. ಒಳಗಿನ ಬ್ಯಾಟರಿ ಸತ್ತುಹೋಗಿ, ಆ ಯಂತ್ರ ಪ್ರತಿದಿನ ಬೆಳಿಗ್ಗೆ ಅದೇ ದಿನಕ್ಕೆ ಎಚ್ಚರವಾಗುತ್ತಿತ್ತು. ಬಾಂದ್ರಾದ ಮುಖ್ಯ ಕಂಪ್ಯೂಟರ್‌ನಲ್ಲಿ ಮೇಲ್ ಮುಂದೆ ಹೋದ ಹೊತ್ತನ್ನು ಬರೆಯುವ ಕೆಲಸವನ್ನು ಡಿಸ್ಕ್ ತುಂಬುತ್ತದೆಂದು ಯಾರೋ ನಿಲ್ಲಿಸಿದ್ದರು. ಉಳಿದದ್ದು ರೂಟರ್. ಯಾವ ಕ್ಯೂನಲ್ಲಿ ಮಾಹಿತಿಯ ಎಷ್ಟು ತುಣುಕು ಕಾದವು, ಎಷ್ಟು ಬಿದ್ದುಹೋದವು ಎಂಬ ಎಣಿಕೆ ಅದರ ನೆನಪಿನಲ್ಲಿ ಇರುತ್ತದೆ. ಶುಕ್ರವಾರ ಬೆಳಿಗ್ಗೆ ಗೋದಾಮಿನ ಒಂದು ಟರ್ಮಿನಲ್ ಸ್ತಬ್ಧವಾಗಿದೆ ಎಂದು ಫೋನ್ ಬಂದಾಗ ನಾನು ಯೋಚಿಸದೆ ರೂಟರ್ ಆರಿಸಿ ಮತ್ತೆ ಹಾಕಿದ್ದೆ. ಎಲ್ಲ ಎಣಿಕೆಯೂ ಸೊನ್ನೆಗೆ ಬಂದಿತ್ತು.

ಮ್ಯಾನೇಜರು ಬಂದು ಕೇಳಿದರು, "ಗುರುವಾರ ಲೈನ್ ಸರಿ ಇತ್ತಾ? ಎರಡು ಸಾಲು ಬರೆದುಕೊಡಿ."

ಗುರುವಾರ ಮಧ್ಯಾಹ್ನ ವಾಡಿಕೆಯಂತೆ ನಾನು ರೂಟರ್‌ನ ಸ್ಥಿತಿ ನೋಡಿದ್ದೆ. ಲೈನ್ ಎಷ್ಟು ತುಂಬಿದೆ ಎಂಬುದನ್ನು ಅದು ಇನ್ನೂರೈವತ್ತೈದರಲ್ಲಿ ಇಷ್ಟು ಎಂದು ತೋರಿಸುತ್ತದೆ. ಒಂದು ಎಂದು ತೋರಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು. ಇನ್ನೂರೈವತ್ತೈದರಲ್ಲಿ ಒಂದು ಎಂದರೆ ಇಲ್ಲವೇ ಇಲ್ಲ ಎಂದಂತೆ. 'ಗುರುವಾರ ಗೋದಾಮಿನ ಲೈನ್ ಬಹುತೇಕ ಖಾಲಿಯಾಗಿತ್ತು; ಮೇಲ್ ತಡವಾಗಲು ಕಾರಣವಿಲ್ಲ' ಎಂದು ಬರೆದು ಸಹಿ ಮಾಡಿದೆ. ಅಷ್ಟೊಂದು ಖಾಲಿ ಇರುವ ಲೈನಿನಲ್ಲಿ ಹತ್ತು ದಿನದ ಹಿಂದೆ ಟರ್ಮಿನಲ್ ಏಕೆ ತೆವಳುತ್ತಿತ್ತು ಎಂಬ ಪ್ರಶ್ನೆ ಪೆನ್ನು ಹಿಡಿದಿದ್ದ ನನಗೆ ಬರಲೇ ಇಲ್ಲ.

ಶನಿವಾರ ಅರ್ಧ ದಿನ ಕಚೇರಿ. ಮೇಲ್ವಿಚಾರಕರನ್ನು ಬಾಂದ್ರಾಕ್ಕೆ ಕರೆಸಿದ್ದರು. ಅವರು ವಿಜಯಪುರದ ಕಡೆಯವರು, ಐವತ್ತರ ಹತ್ತಿರದ ವಯಸ್ಸು. ಗೋದಾಮು ಶುರುವಾದಾಗಿನಿಂದ ಅಲ್ಲೇ ಇದ್ದವರು. ಮೈಸೂರಿನ ಕನ್ನಡ ಮಾತಾಡುವ ನನ್ನನ್ನು ತಮ್ಮ ಕಡೆಯ ರೂಢಿಯಂತೆ 'ಬಾಯಾರ', ಅಂದರೆ ಅಮ್ಮನವರೇ, ಎಂದು ಕರೆಯುತ್ತಿದ್ದರು. ಮುಂಬಯಿಗೆ ಬಂದು ಮೂರು ವರ್ಷವಾಗಿದ್ದ ನನಗೂ ಅವರನ್ನು 'ಕಾಕಾ' ಎನ್ನುವುದು ರೂಢಿಯಾಗಿತ್ತು. ನಾನು ಊಟದ ಡಬ್ಬಿ ತೊಳೆಯಲು ಹೊರಟಾಗ ಅವರು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು.

"ಏನಾಯ್ತು ಕಾಕಾ?"

"ಏನಿಲ್ರಿ ಬಾಯಾರ. ಬರಕೊಡು ಅಂದ್ರು, ಬರಕೊಟ್ಟೆ. ನನ್ನ ಗಮನಕ್ಕ ಬಾರದs ಇದ್ದಿರಬಹುದು ಅಂತ."

"ಆದ್ರೆ ನೀವು ಎರಡು ಗಂಟೆಗೆ ನೋಡಿದೆ ಅಂದಿದ್ರಲ್ಲ?"

"ನೋಡೀನಿ ಅಂತನs ಅನಸ್ತದರಿ. ಖುರ್ಚಿ ಎಳಕೊಂಡು ಕುಂತದ್ದು, ಗುಂಡಿ ಒತ್ತಿದ್ದು ಎಲ್ಲಾ ಕಣ್ಣ ಮುಂದ ಅದ. ಆದ್ರ ಲೈನ್ ಖಾಲಿ ಇತ್ತು ಅಂತ ನೀವು ಬರದೀರಂತ. ಕಲತವರು ನೀವು ಸುಳ್ಳ್ಯಾಕ ಬರೀತೀರಿ? ಹಂಗಾದ್ರ ನನಗ ನೆನಪಿರೂದು ಬುಧವಾರದ್ದೇನೋ ಮತ್ತ."

ಅವರ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಿಜವಾಗಿಯೂ ತಮ್ಮ ನೆನಪಿನಲ್ಲಿ ದಿನಗಳು ಅದಲುಬದಲಾಗಿವೆಯೇನೋ ಎಂದು ಅವರು ಹುಡುಕುತ್ತಿದ್ದರು.

ಭಾನುವಾರ ನಾನೇ ನನ್ನ ಮನೆಯಿದ್ದ ಗೋರೆಗಾಂವ್‌ನಿಂದ ಬಾಂದ್ರಾಕ್ಕೆ ಹೋಗಿ ಪರೀಕ್ಷೆ ಮಾಡಿದೆ. ಗೋದಾಮಿನ ಕಾವಲುಗಾರನಿಗೆ ಹೇಳಿ ಅಲ್ಲಿಯ ಪ್ರಿಂಟರ್‌ಗೆ ಕಾಗದ ಹಾಕಿಸಿ, ಇಲ್ಲಿಂದ ಉದ್ದನೆಯ ಚಲನ್ ಕಂತೆ ಕಳಿಸಿದೆ. ಅದು ಓಡುತ್ತಿರುವಾಗ ಒಂದು ಮೇಲ್ ಕಳಿಸಿದೆ. ನಾಲ್ಕು ನಿಮಿಷಕ್ಕೆ ತಲುಪಿತು. ಇನ್ನೊಂದು ಕಳಿಸಿದೆ, ಮೂರು ನಿಮಿಷ. ರೂಟರ್ ನೋಡಿದರೆ ಅದೇ ಒಂದು, ಇನ್ನೂರೈವತ್ತೈದರಲ್ಲಿ. ನಾನು ಬರೆದುಕೊಟ್ಟದ್ದು ಸರಿಯಾಗಿತ್ತು. ಆದರೂ ವಾಪಸು ಲೋಕಲ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ್ದರೂ ನೆಮ್ಮದಿ ಇರಲಿಲ್ಲ. ಸರಿ ಎಂದು ಗೊತ್ತಾದ ಮೇಲೂ ಸಮಾಧಾನ ಆಗದಿದ್ದರೆ ತಪ್ಪು ಎಲ್ಲಿದೆಯೆಂದು ಹುಡುಕುವುದು ಹೇಗೆ? ಇದೇ ಯೋಚನೆಯಲ್ಲಿ ಅಂಧೇರಿ ದಾಟಿದ್ದು ಗೊತ್ತಾಗಲಿಲ್ಲ.

ಸೋಮವಾರ ವಿಚಾರಣೆಯ ಫೈಲಿಗೆ ಸೇರಿಸಲೆಂದು ಎರಡೂ ಲೈನುಗಳ ಸ್ಥಿತಿಯನ್ನು ಪ್ರಿಂಟ್ ತೆಗೆದೆ. ಎರಡು ಹಾಳೆ ಮೇಜಿನ ಮೇಲೆ ಪಕ್ಕಪಕ್ಕ ಇದ್ದವು. ಗೋರೆಗಾಂವ್‌ನ ಹಾಳೆಯಲ್ಲಿ 'ಬ್ಯಾಂಡ್‌ವಿಡ್ತ್' ಎಂಬ ಮಾತಿನ ಮುಂದೆ, ಸಾವಿರ ಬಿಟ್‌ಗಳ ಲೆಕ್ಕದಲ್ಲಿ, ಸಾವಿರದ ಐನೂರ ನಲವತ್ತನಾಲ್ಕು ಎಂದಿತ್ತು. ಗೋದಾಮಿನ ಹಾಳೆಯಲ್ಲೂ ಸಾವಿರದ ಐನೂರ ನಲವತ್ತನಾಲ್ಕು. ಒಂದು ಲೈನ್ ಇನ್ನೊಂದಕ್ಕಿಂತ ಆರು ಪಟ್ಟು ವೇಗದ್ದು. ಎರಡಕ್ಕೂ ಒಂದೇ ಅಂಕಿ ಹೇಗೆ?

ಕಂಪ್ಯೂಟರ್ ಕೋಣೆಯ ಆಪರೇಟರ್ ಮಂಗಳೂರಿನವರು. ಅವರನ್ನು ಕರೆದು ತೋರಿಸಿದೆ.

"ಇದು ಎಂತ ಹೊಸತಲ್ಲ ಮಾರಾಯ್ರೆ. ಪೆಟ್ಟಿಗೆ ಬಿಚ್ಚಿದ ದಿನದಿಂದ ಹೀಗೇ ಉಂಟು."

"ಯಾರು ಹಾಕಿದ್ದು?"

"ಯಾರೂ ಹಾಕಿದ್ದಲ್ಲ. ಅದೇ ಹಾಕಿಕೊಂಡದ್ದು."

ಕೈಪಿಡಿಯ ಎರಡನೆಯ ಸಂಪುಟದಲ್ಲಿ ಆ ಒಂದು ಸಾಲು ಸಿಗಲು ಮಧ್ಯಾಹ್ನವಾಯಿತು. ನಾನು ಅದನ್ನು ನಾಲ್ಕೈದು ಸಲ ಓದಿದೆ. ಈ ಅಂಕಿ ಲೈನಿನ ವೇಗವನ್ನು ಬದಲಿಸುವುದಿಲ್ಲ. ಅಳೆದು ಹೇಳುವುದೂ ಇಲ್ಲ. ಲೈನ್ ಇಷ್ಟು ಅಗಲ ಎಂದು ನಾವು ರೂಟರ್‌ಗೆ ತಿಳಿಸಬೇಕು, ಅದು ನಂಬಿ ತನ್ನ ಲೆಕ್ಕ ಮಾಡಿಕೊಳ್ಳುತ್ತದೆ. ನಾವು ತಿಳಿಸದಿದ್ದರೆ ಅಮೆರಿಕದಲ್ಲಿ ಸಾಮಾನ್ಯವಾಗಿರುವ ಒಂದು ದೊಡ್ಡ ಲೈನಿನ ಅಂಕಿಯನ್ನು, ಸೆಕೆಂಡಿಗೆ ಹದಿನೈದು ಲಕ್ಷ ಚಿಲ್ಲರೆ ಬಿಟ್ ಎಂದು, ಇಟ್ಟುಕೊಳ್ಳುತ್ತದೆ. ನಮ್ಮ ರೂಟರ್ ಧಾರಾವಿಯ ಗೋದಾಮಿಗೆ ಅಂಥ ಲೈನ್ ಇದೆಯೆಂದು ನಂಬಿತ್ತು. ಕಾಗದದ ಮೇಲೆ ಭಾಗಿಸಿ ನೋಡಿದೆ. ಗೋದಾಮಿನ ಲೈನ್ ಒಂದು ಬಿಟ್‌ಗೂ ಜಾಗವಿಲ್ಲದಷ್ಟು ತುಂಬಿದಾಗ, ಆ ನಂಬಿಕೆಯ ಪ್ರಕಾರ, ಇನ್ನೂರೈವತ್ತೈದರಲ್ಲಿ ಒಂದೂವರೆ. ಅರ್ಧವನ್ನು ಬಿಟ್ಟು ಅದು ಒಂದು ಎಂದು ತೋರಿಸುತ್ತಿತ್ತು.

ಬ್ಯಾಂಡ್‌ವಿಡ್ತ್ ಅಂಕಿಯನ್ನು ಹತ್ತಕ್ಕೆ ಇಳಿಸಿದೆ; ಒಂಬತ್ತು ಪಾಯಿಂಟ್ ಆರರ ಬಿಡಿ ಭಾಗವನ್ನು ಅದು ತೆಗೆದುಕೊಳ್ಳುತ್ತಿರಲಿಲ್ಲ. ಸರಾಸರಿ ಬದಲಾಗಲು ಕೆಲವು ನಿಮಿಷ ಬೇಕು. ನಾನೂ ಆಪರೇಟರೂ ನೋಡುತ್ತ ನಿಂತೆವು. ಒಂದು ಇದ್ದದ್ದು ನೂರ ಎಂಬತ್ತಾಯಿತು, ಇನ್ನೂರ ಹತ್ತಾಯಿತು, ಇನ್ನೂರ ನಲವತ್ತರ ಹತ್ತಿರ ಹೋಗಿ ನಿಂತಿತು.

"ಫುಲ್ ಉಂಟಲ್ಲ ಮಾರಾಯ್ರೆ," ಎಂದರು ಆಪರೇಟರ್.

ಇಷ್ಟಾದರೂ ನನ್ನ ಗೊಂದಲ ತೀರಲಿಲ್ಲ, ಹೆಚ್ಚಾಯಿತು. ಲೈನ್ ತುಂಬಿತ್ತು, ಸರಿ. ಆದರೆ ಭಾನುವಾರವೂ ಚಲನ್ ಓಡುತ್ತಿದ್ದಾಗಲೇ ಮೇಲ್ ನಾಲ್ಕು ನಿಮಿಷಕ್ಕೆ ತಲುಪಿತ್ತಲ್ಲ? ಹಾಗಾದರೆ ಗುರುವಾರ ತಡವಾದದ್ದು ಲೈನಿನಿಂದಲೋ, ಕಾಕಾ ಅವರ ಕಣ್ತಪ್ಪಿನಿಂದಲೋ? ಎರಡರಲ್ಲಿ ಯಾವುದನ್ನು ನಂಬಿದರೂ ಇನ್ನೊಂದು ಎದ್ದು ಬರುತ್ತಿತ್ತು.

ಮಂಗಳವಾರ ಬೆಳಿಗ್ಗೆ ನಾನು ಗೋದಾಮಿಗೇ ಹೋಗಿ ಕೂತೆ. ತಿಂಗಳ ಕೊನೆಯ ಒತ್ತಡ ಇನ್ನೂ ಇತ್ತು; ಓಣಿಯಲ್ಲಿ ಟೆಂಪೊಗಳು, ಪಕ್ಕದ ಚರ್ಮದ ಕಾರ್ಖಾನೆಗಳ ಘಾಟು, ಒಳಗೆ ಮೂರು ಪ್ರಿಂಟರ್‌ಗಳು ಒಟ್ಟಿಗೆ ಕಿರುಗುಟ್ಟುತ್ತಿದ್ದವು. ಮೂರು. ಭಾನುವಾರ ನಾನು ಒಂದನ್ನು ಮಾತ್ರ ಓಡಿಸಿದ್ದೆ. ಹನ್ನೊಂದಕ್ಕೆ ಸರಿಯಾಗಿ ಬಾಂದ್ರಾದಿಂದ ಆಪರೇಟರ್ ಒಂದು ಮೇಲ್ ಕಳಿಸಿ ಫೋನ್ ಮಾಡಿದರು. ಕಾಕಾ ತಮ್ಮ ಖುರ್ಚಿಯನ್ನು ನನಗೆ ಕೊಟ್ಟು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು.

ಹನ್ನೊಂದೂವರೆ. ಬರಲಿಲ್ಲ. ಹನ್ನೆರಡು. ಬರಲಿಲ್ಲ. ಫೋನ್ ಮಾಡಿದರೆ ಆಪರೇಟರ್, "ಇಲ್ಲಿಂದ ಹೊರಡಲಿಕ್ಕೇ ನೋಡ್ತಾ ಉಂಟು. ಸಾಮಾನ್ಯ ಕ್ಯೂನಲ್ಲಿ ನಿಂತಿದೆ. ಮಧ್ಯದ್ದು ಖಾಲಿ ಆಗುವುದೇ ಇಲ್ಲ," ಎಂದರು.

ಆಗ ಅರ್ಥವಾಯಿತು. ಒಂದು ಪ್ರಿಂಟರ್ ಮಾತ್ರ ಓಡುವಾಗ ಮುಖ್ಯ ಕಂಪ್ಯೂಟರ್ ಅದಕ್ಕೆ ಮಾಹಿತಿಯ ಒಂದು ತುಣುಕು ಕಳಿಸಿ ಉತ್ತರಕ್ಕಾಗಿ ಕ್ಷಣ ನಿಲ್ಲುತ್ತದೆ. ಆ ಕ್ಷಣದಲ್ಲಿ ಮಧ್ಯದ ಕ್ಯೂ ಖಾಲಿಯಾಗಿ, ಕೆಳಗಿನ ಮೇಲ್ ನುಸುಳಿಕೊಳ್ಳುತ್ತದೆ. ಮೂರು ಒಟ್ಟಿಗೆ ಓಡಿದರೆ ಒಂದು ನಿಂತಾಗ ಇನ್ನೆರಡು ಇರುತ್ತವೆ. ಕ್ಯೂ ಖಾಲಿಯೇ ಆಗುವುದಿಲ್ಲ. ಖಾಲಿಯಾಗದ ತನಕ ಕೆಳಗೆ ನೋಡಬೇಡ ಎಂದು ರೂಟರ್‌ಗೆ ಹೇಳಿದ್ದು ನಾನೇ.

ಒಂದು ಗಂಟೆಗೆ ಗುಮಾಸ್ತರೆಲ್ಲ ಊಟಕ್ಕೆ ಎದ್ದರು. ಪ್ರಿಂಟರ್‌ಗಳು ಒಂದೊಂದಾಗಿ ಸುಮ್ಮನಾದವು. ಒಂದೂ ಇಪ್ಪತ್ತಕ್ಕೆ ಮೇಲ್ ಬಂತು.

"ಬಂತ್ ನೋಡ್ರಿ," ಎಂದರು ಕಾಕಾ, ನನಗಿಂತ ಮೊದಲೇ.

"ಗುರುವಾರ ಊಟದ ಹೊತ್ತಿಗೆ ಪ್ರಿಂಟ್ ನಿಂತಿತ್ತಾ ಕಾಕಾ?"

"ಎಲ್ಲಿಂದ್ರಿ! ಅವತ್ತ ಪಾಳಿ ಮ್ಯಾಲೆ ಉಂಡಾರ ಹುಡುಗ್ರು. ಮೂರೂವರಿ ತನಕಾ ಪ್ರಿಂಟ್ ನಿಂತs ಇಲ್ಲ."

ಅಲ್ಲಿಂದ ನೇರ ಬಾಂದ್ರಾಕ್ಕೆ ಬಂದು ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಬಾಗಿಲು ಹಾಕಿ ಕೂರಿಸಿ ಹೇಳಿದರು: "ನಿಮ್ಮ ಚೀಟಿ ಫೈಲಿಗೆ ಹೋಗಿಯಾಗಿದೆ. ಮೊದಲು ಇದನ್ನ ಸರಿ ಮಾಡಿ. ಸರಿಯಾಗಿ ನಡೆಯೋದು ತೋರಿಸಿ, ಆಮೇಲೆ ಹೇಳೋಣ. ಈಗಲೇ ಹೇಳಿದರೆ, ಇವರಿಗೆ ಕೆಡಿಸೋದು ಗೊತ್ತು, ಸರಿ ಮಾಡೋದು ಗೊತ್ತಿಲ್ಲ ಅಂತಾರೆ. ಗೋದಾಮಿನ ಆ ಮುದುಕನಿಗೆ ಶಿಸ್ತುಕ್ರಮದ ಪತ್ರ ಕೊಡೋದು ಶುಕ್ರವಾರ. ಟೈಮ್ ಇದೆ."

ಅವರ ಮಾತು ಸರಿ ಎನ್ನಿಸಿತು. ಬುಧವಾರ ಬೆಳಿಗ್ಗೆ ಮೇಲು ಕೀಳಿನ ಕ್ಯೂಗಳನ್ನು ತೆಗೆದುಹಾಕಿದೆ. ಕೈಪಿಡಿಯಲ್ಲಿ ಇನ್ನೊಂದು ವಿಧಾನವಿತ್ತು: ಪ್ರತಿ ಕ್ಯೂಗೂ ಒಂದು ಪಾಲು ಗೊತ್ತುಮಾಡುವುದು. ರೂಟರ್ ಸರದಿಯಂತೆ ಒಂದೊಂದು ಕ್ಯೂನಿಂದಲೂ ಇಷ್ಟಿಷ್ಟು ಅಕ್ಷರ ಎತ್ತಿ ಕಳಿಸುತ್ತದೆ; ಯಾರೂ ಹಸಿದಿರುವುದಿಲ್ಲ. ಈ ಸಲ ಪಟ್ಟಿ ಮಾಡಿಯೇ ಕೂತೆ. ಟರ್ಮಿನಲ್‌ಗೆ ಪ್ರತಿ ಸುತ್ತಿನಲ್ಲಿ ಆರುನೂರು ಅಕ್ಷರ, ಪ್ರಿಂಟಿಗೆ ಮುನ್ನೂರು, ಮೇಲ್‌ಗೆ ನೂರು, ಉಳಿದದ್ದಕ್ಕೆ ನೂರು. ಅರ್ಧಕ್ಕಿಂತ ಹೆಚ್ಚು ಟರ್ಮಿನಲ್‌ಗೇ ಸಿಗಬೇಕು. ಲೆಕ್ಕ ಎರಡು ಸಲ ನೋಡಿದೆ.

ಮೇಲ್ ಕೂಡಲೇ ಹೋಯಿತು. ಆದರೆ ಹತ್ತು ನಿಮಿಷಕ್ಕೆ ಗೋದಾಮಿನಿಂದ ಫೋನ್: ಟರ್ಮಿನಲ್ ಮತ್ತೆ ತೆವಳುತ್ತಿದೆ. ಟರ್ಮಿನಲ್ ಪಾಲನ್ನು ಎಂಟುನೂರು ಮಾಡಿದೆ. ಬದಲಾಗಲಿಲ್ಲ. ಮೇಲ್ ಪಾಲನ್ನು ಐವತ್ತಕ್ಕೆ ಇಳಿಸಿದೆ. ಒಂದು ಕೂದಲಷ್ಟೂ ಬದಲಾಗಲಿಲ್ಲ. ಕೊಟ್ಟ ಅಂಕಿಗೂ ನಡೆಯುವುದಕ್ಕೂ ಸಂಬಂಧವೇ ಇಲ್ಲವೆಂಬಂತೆ. ಆ ಯಂತ್ರದ ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ನನಗೆ ತಿಳಿಯದೇ ಹೋಯಿತು. ಸಂಜೆ ಐದಕ್ಕೆ ಬಿಟ್ಟು ಎದ್ದೆ.

ಬಾಂದ್ರಾ ಸ್ಟೇಶನ್‌ನಲ್ಲಿ ಎರಡು ಲೋಕಲ್ ಬಿಟ್ಟುಕೊಟ್ಟು ಪ್ಲಾಟ್‌ಫಾರಂನಲ್ಲೇ ನಿಂತಿದ್ದೆ. ಸರಿ ಮಾಡಿದ ಮೇಲೆ ಹೇಳೋಣ ಎಂದರೆ, ಶುಕ್ರವಾರದೊಳಗೆ ಸರಿಯಾಗದಿದ್ದರೆ? ಪಾಲುಗಳು ಏಕೆ ಕೆಲಸ ಮಾಡುತ್ತಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಆದರೆ ಮಂಗಳವಾರದ ಮೇಲ್ ಎರಡು ಗಂಟೆ ಇಪ್ಪತ್ತು ನಿಮಿಷ ನಿಂತದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೆ. ಗೊತ್ತಿಲ್ಲದ್ದು ತಿಳಿಯುವ ತನಕ ಗೊತ್ತಿರುವುದನ್ನು ಏಕೆ ತಡೆಹಿಡಿಯಬೇಕು? ಗುರುವಾರ ಬೆಳಿಗ್ಗೆ ಮ್ಯಾನೇಜರು ಬರುವ ಮೊದಲೇ ಒಂದು ಪುಟ ಬರೆದು ಆಡಳಿತಾಧಿಕಾರಿಯ ಮೇಜಿನ ಮೇಲಿಟ್ಟೆ. ಕಳೆದ ಶುಕ್ರವಾರದ ನನ್ನ ಚೀಟಿ ತಪ್ಪು, ಲೈನ್ ತುಂಬಿತ್ತು, ಮೇಲನ್ನು ತಡೆದದ್ದು ನಾನು ಮಾಡಿದ ಕ್ಯೂ, ಮೇಲ್ವಿಚಾರಕರು ಎರಡು ಗಂಟೆಗೆ ನೋಡಿದಾಗ ಅದು ಬಂದಿರಲು ಸಾಧ್ಯವಿರಲಿಲ್ಲ.

ಅಂದೇ ಕರೆಸಿದರು. ಆಡಳಿತಾಧಿಕಾರಿ, ಗೋರೆಗಾಂವ್‌ನ ಗುಣಮಟ್ಟದ ಮುಖ್ಯಸ್ಥರು, ನಮ್ಮ ಮ್ಯಾನೇಜರು. ಗುಣಮಟ್ಟದ ಮುಖ್ಯಸ್ಥರು ಹಾಳೆಯಿಂದ ತಲೆಯೆತ್ತಿ ಕೇಳಿದರು, "ನಮ್ಮ ತಡೆಯಾಜ್ಞೆಯನ್ನ ನೀವು ಯಾವ ಕ್ಯೂಗೆ ಹಾಕಿದ್ರಿ?"

"ಯಾವುದಕ್ಕೂ ಹಾಕಿರಲಿಲ್ಲ ಸರ್. ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಯೋಚಿಸದೆ ಬಿಟ್ಟದ್ದೆಲ್ಲ ಒಂದು ಕ್ಯೂಗೆ ಹೋಗುತ್ತೆ."

"ಈಗ ಸರಿಯಾಗಿದೆಯಾ?"

"ಇಲ್ಲ. ಮೇಲ್ ಹೋಗ್ತಿದೆ. ಟರ್ಮಿನಲ್ ಯಾಕೆ ನಿಧಾನ ಆಗಿದೆ ಅಂತ ಇನ್ನೂ ಗೊತ್ತಾಗಿಲ್ಲ."

ಮ್ಯಾನೇಜರು ಕಿಟಕಿಯ ಕಡೆ ನೋಡುತ್ತಿದ್ದರು. ನನಗೊಂದು ಮೆಮೊ ಬಂತು. ರೂಟರ್‌ನಲ್ಲಿ ಯಾವ ಬದಲಾವಣೆಗೂ ಮ್ಯಾನೇಜರ ಸಹಿ ಬೇಕೆಂದಾಯಿತು. ತಡೆಯಾಜ್ಞೆ ಕಳಿಸಿದವರು ಫೋನ್ ಮಾಡಿ, ಸಿಕ್ಕಿತೆಂದು ಬಾಯಿಂದ ಕೇಳಿಕೊಳ್ಳಬೇಕೆಂದು ನಿಯಮ ಮಾಡಿದರು. ಮೇಲ್ವಿಚಾರಕರಿಗೆ ಟೈಪ್ ಆಗಿದ್ದ ಪತ್ರ ಹೊರಡಲಿಲ್ಲ.

ಪಾಲಿನ ಗುಟ್ಟು ಬಿಡಿಸಿದವರು ಆಪರೇಟರ್. ಶುಕ್ರವಾರ ನಾನು ಅಂಕಿಗಳ ಹಾಳೆ ಹಿಡಿದು ಕೂತಿದ್ದಾಗ ಹಿಂದಿನಿಂದ ಬಗ್ಗಿ ನೋಡಿದರು. "ಮೇಲ್‌ಗೆ ನೂರು ಅಂತ ಹಾಕಿದ್ದೀರಿ. ಮೇಲ್‌ನ ಒಂದೊಂದು ತುಣುಕು ಎಷ್ಟು ದೊಡ್ಡದುಂಟು?"

"ಐನೂರ ಎಪ್ಪತ್ತಾರು."

"ಹಾಗಾದರೆ ನೂರು ಕಳಿಸುವುದು ಹೇಗೆ? ತುಣುಕನ್ನು ತುಂಡು ಮಾಡ್ತದಾ?"

ಮಾಡುವುದಿಲ್ಲ. ಎತ್ತಿದ ತುಣುಕನ್ನು ರೂಟರ್ ಪೂರ್ತಿ ಕಳಿಸಿಯೇ ಮುಂದಿನ ಕ್ಯೂಗೆ ಹೋಗುತ್ತದೆ. ನಾನು ನೂರು ಎಂದರೂ, ಐವತ್ತು ಎಂದರೂ ಹೋಗುತ್ತಿದ್ದದ್ದು ಐನೂರ ಎಪ್ಪತ್ತಾರು. ಪ್ರಿಂಟಿನದೂ ಅಷ್ಟೇ, ಉಳಿದದ್ದರದೂ ಅಷ್ಟೇ. ಮೂರೂ ಸೇರಿ ಪ್ರತಿ ಸುತ್ತಿನಲ್ಲಿ ಸುಮಾರು ಒಂದೂವರೆ ಸೆಕೆಂಡು ತಿನ್ನುತ್ತಿದ್ದವು, ಗುಮಾಸ್ತರ ಅಕ್ಷರ ಅಷ್ಟು ಹೊತ್ತು ಕಾಯುತ್ತಿತ್ತು. ಮೇಲನ್ನೂ ಉಳಿದದ್ದನ್ನೂ ಒಂದೇ ಕ್ಯೂಗೆ ಸೇರಿಸಿದೆ. ಮೂರು ಕ್ಯೂ, ಟರ್ಮಿನಲ್‌ಗೆ ಸಾವಿರದ ಇನ್ನೂರು, ಮಿಕ್ಕೆರಡಕ್ಕೆ ಒಂದೊಂದು ತುಣುಕು. ಕಾಯುವುದು ಹೆಚ್ಚೆಂದರೆ ಒಂದು ಸೆಕೆಂಡಿಗೆ ಇಳಿಯಿತು. ಅದಕ್ಕಿಂತ ಕಡಿಮೆ ಮಾಡಲು ಆ ಲೈನಿನಲ್ಲಿ ಆಗುತ್ತಿರಲಿಲ್ಲ. ಚಲನ್‌ನ ಲಾಂಛನ ತೆಗೆಸಿ ಎಂದೂ ಬರೆದೆ. ಅದು ಆದದ್ದು ಆರು ತಿಂಗಳ ಮೇಲೆ. ಮ್ಯಾನೇಜರು ಹೊಸ ಅಂಕಿಗಳ ಹಾಳೆಗೆ ಸಹಿ ಹಾಕಿದರು.

ಮರುದಿನ ಗೋದಾಮಿಗೆ ಹೋದೆ. ಕೆಲಸದ ನೆಪ ಇತ್ತು, ಟರ್ಮಿನಲ್ ಹೇಗಿದೆ ನೋಡುವುದು. ಒಬ್ಬ ಗುಮಾಸ್ತರು, "ಮೊದಲಿನಷ್ಟು ಫಾಸ್ಟ್ ಇಲ್ಲ ಮೇಡಂ," ಎಂದರು. ಹೌದು, ಇಲ್ಲ ಎಂದೆ. ಕಾಕಾ ತಮ್ಮ ಮೇಜಿನ ಹತ್ತಿರ ಕರೆದು ಕೂರಿಸಿದರು. ತಾವು ಬರೆದುಕೊಟ್ಟ ಕಾಗದವನ್ನು ವಾಪಸು ಕೊಟ್ಟಿದ್ದಾರೆ ಎಂದರು. ಆಮೇಲೆ ಕೇಳಿದರು.

"ಬಾಯಾರ, ಹಂಗಾದ್ರ ನಾ ಅವತ್ತ ಎರಡಕ್ಕ ಖರೇನs ನೋಡಿದ್ನಿ?"

"ನೋಡಿದ್ರಿ ಕಾಕಾ. ಬಂದಿರಲಿಲ್ಲ."

"ಬಂದಿರಲಿಲ್ಲ," ಎಂದು ಅವರೂ ಹೇಳಿದರು. ಅಂಗಿಯ ಜೇಬಿನಿಂದ ಒಂದು ಮಡಚಿದ ಚೀಟಿ ತೆಗೆದರು. ಮಾಹಿಮ್‌ನ ಕನ್ನಡಕದ ಅಂಗಡಿಯದು.

"ಸೋಮವಾರ ಸಂಜೀಕ ಹೋಗಿ ಕಣ್ಣು ತೋರಿಸಿದೆರಿ. ನಂಬರ್ ಇದ್ದಷ್ಟs ಅದ, ಏನೂ ಆಗಿಲ್ಲ ಅಂದ ಆ ಡಾಕ್ಟರ್. ನಾ ಕೇಳಲಿಲ್ಲ. ಇಲ್ಲಪ್ಪಾ, ನನಗ ಕಾಣಿಸವಲ್ದು, ಹೊಸಾದು ಮಾಡಿಕೊಡು ಅಂದೆ." ಚೀಟಿಯ ಮಡಿಕೆಯನ್ನು ಬೆರಳಿನಿಂದ ತೀಡುತ್ತ ಹೇಳಿದರು, "ಇವತ್ತ ತರಾಕ ಹೋಗಬೇಕರಿ."

ತಪ್ಪಾಯಿತು ಎಂದು ಹೇಳಲು ಬಂದಿದ್ದೆ. ಮಾತು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಓಣಿಯಲ್ಲಿ ಟೆಂಪೊದವನು ಹಾರ್ನ್ ಹೊಡೆಯತೊಡಗಿದ. ಕಾಕಾ ಚೀಟಿಯನ್ನು ಜೇಬಿಗಿಟ್ಟು, ಚಲನ್ ಕಂತೆ ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿಯದೆಯೇ ಮೇಲಿನ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತ ಹೊರಗೆ ಹೋದರು.